ಬಿಪಿ ಏರಿ ಕಣ್ಣು ಹೋದ ಬೆಕ್ಕು: ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು?

ಕುಕ್ಕರಹಳ್ಳಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಪುಟ್ಟಿಗೆ 13 ವರ್ಷ. ನಾಟಿ ಬೆಕ್ಕು. ಕಳೆದ ವಾರ ಒಂದು ಬೆಳಿಗ್ಗೆ ನೋಡಿದರೆ ಅವಳ ಎರಡೂ ಕಣ್ಣಿನ ಪಾಪೆ ಪೂರ್ತಿ ಹಿಗ್ಗಿತ್ತು. ಬೆಳಕಿಗೆ ಹಿಡಿದರೂ ಕಿರಿದಾಗಲಿಲ್ಲ. ನಡೆಯುತ್ತಾ ಹೋಗಿ ಗೋಡೆಗೆ ಮೂತಿ ತಾಗಿಸಿಕೊಂಡಳು. ಒಂದು ಕಣ್ಣಿನೊಳಗೆ ಸ್ವಲ್ಪ ರಕ್ತವೂ ಕಾಣಿಸಿತು. ಆಸ್ಪತ್ರೆಯಲ್ಲಿ ಬಿಪಿ ನೋಡಿದಾಗ 220 ಇತ್ತು. ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಕಳಚಿಕೊಂಡಿದೆ ಅಂದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2.6 ಬಂತು, ಅಂದರೆ ಕಿಡ್ನಿ ಕಾಯಿಲೆ ಎರಡನೇ ಹಂತ. ಅಲ್ಲೇ ಇಟ್ಟುಕೊಂಡು ಬಿಪಿ ಸ್ವಲ್ಪ ಇಳಿಸಿ ಕಳಿಸಿದರು. ಈಗ ಬಿಪಿ ಇಳಿಸುವ ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೊಮ್ಮೆ.

ಜೀವ ಉಳಿದಿದೆ, ಅದೇ ದೊಡ್ಡದು. ಆದರೆ ಮನೆಗೆ ಬಂದಾಗಿನಿಂದ ಮಂಚದ ಕೆಳಗೆ ಸೇರಿಕೊಂಡಿದ್ದಾಳೆ. ಬಾಯಿ ಹತ್ತಿರ ಹಿಡಿದರೆ ಮಾತ್ರ ನಾಲ್ಕು ತುತ್ತು ತಿನ್ನುತ್ತಾಳೆ. ಲಿಟರ್ ಟ್ರೇ ಹಿಂದೆ ಬಚ್ಚಲ ಹತ್ತಿರ ಇದೆ, ಎರಡು ಹೊಸ್ತಿಲು ದಾಟಬೇಕು. ಈಗ ಮಂಚದ ಮೂಲೆಯಲ್ಲೇ ಉಚ್ಚೆ ಮಾಡುತ್ತಿದ್ದಾಳೆ. ರಾತ್ರಿ ಜೋರಾಗಿ ಕೂಗುತ್ತಾಳೆ, ಹಿಂದೆಂದೂ ಹೀಗೆ ಕೂಗಿದವಳಲ್ಲ. ಜೊತೆಗಿರುವ ಕರಿಯ (ಗಂಡು, 6 ವರ್ಷ) ಅವಳನ್ನು ಕಂಡರೆ ಬುಸ್ ಅನ್ನುತ್ತಾನೆ, ಕೈ ಎತ್ತುತ್ತಾನೆ. ಇಬ್ಬರೂ ಒಟ್ಟಿಗೆ ಮಲಗುತ್ತಿದ್ದವರು.

ಕಣ್ಣು ವಾಪಸ್ ಬರುತ್ತದಾ? ಬಾರದಿದ್ದರೆ ಈ ವಯಸ್ಸಿನಲ್ಲಿ ಅವಳು ಕಲಿತುಕೊಳ್ಳುತ್ತಾಳಾ? ಎಲ್ಲಿಂದ ಶುರು ಮಾಡಲಿ?

ಸಂಪಿಗೆ

ಓದಿ ಕರುಳು ಹಿಂಡಿದ ಹಾಗಾಯಿತು. ಒಂದೇ ಮಾತು: ಮನೆಯ ಯಾವ ವಸ್ತುವನ್ನೂ ಈಗ ಜಾಗ ಬದಲಾಯಿಸಬೇಡಿ. ಕುರ್ಚಿಯನ್ನು ಕೂಡ. ಉಳಿದದ್ದನ್ನು ಗೊತ್ತಿರುವವರು ಹೇಳುತ್ತಾರೆ.

ಬಸವನಗುಡಿ ಅಜ್ಜಿ

ನಮ್ಮ ಮನೆಯಲ್ಲಿ ಕಣ್ಣಿಲ್ಲದ ಬೆಕ್ಕು ಇದೆ, ಹೆಸರು ಗೌರಿ. ಅವಳದ್ದೂ ಇದೇ ಕಥೆ, ಬಿಪಿ ಮತ್ತು ಕಿಡ್ನಿ. ಹಾಗಾಗಿ ಉದ್ದವಾಗಿ ಬರೆಯುತ್ತೇನೆ.

ಮೊದಲು, ಕಲಿತುಕೊಳ್ಳುತ್ತಾಳೆ. ಅದರಲ್ಲಿ ಸಂಶಯ ಬೇಡ. ಬೆಕ್ಕಿಗೆ ಮನೆಯ ನಕ್ಷೆ ಇರುವುದು ಬರೀ ಕಣ್ಣಲ್ಲಿ ಅಲ್ಲ. ಮೂಗು, ಕಿವಿ, ಮೀಸೆ, ಪಾದ ಎಲ್ಲ ಸೇರಿ ಆ ನಕ್ಷೆ ಆಗುತ್ತದೆ. ಮುಂಗಾಲಿನ ಹಿಂಭಾಗದಲ್ಲೂ ಮೀಸೆಯಂಥ ಕೂದಲು ಇರುತ್ತವೆ, ಗಮನಿಸಿ ನೋಡಿ. ಪುಟ್ಟಿ 13 ವರ್ಷ ಆ ಮನೆಯಲ್ಲಿ ಓಡಾಡಿದ್ದಾಳೆ. ನಕ್ಷೆ ಅವಳ ಒಳಗೆ ಇದ್ದೇ ಇದೆ. ಅವಳಿಗೆ ಬೇಕಿರುವುದು ಭಯ ಕಡಿಮೆ ಆಗುವುದು, ಮತ್ತೆ ಆ ನಕ್ಷೆ ಅಲುಗಾಡದೆ ಇರುವುದು.

ಈಗ ಒಂದು ಕೋಣೆ ಅವಳದಾಗಲಿ. ಮಂಚ ಇರುವ ಅದೇ ಕೋಣೆ, ಏಕೆಂದರೆ ಅದನ್ನು ಅವಳೇ ಆರಿಸಿಕೊಂಡಿದ್ದಾಳೆ. ಮಂಚದ ಕೆಳಗಿಂದ ಎಳೆಯಬೇಡಿ. ಅವಳ ಹಾಸಿಗೆಯನ್ನೇ ಮಂಚದ ಅಂಚಿಗೆ ಇಡಿ. ಅಲ್ಲಿಂದ ಒಂದೆರಡು ಅಡಿ ದೂರದಲ್ಲಿ ಊಟ, ನೀರು. ಎದುರು ಮೂಲೆಯಲ್ಲಿ ಟ್ರೇ. ಊಟದ ಪಕ್ಕದಲ್ಲೇ ಟ್ರೇ ಇಟ್ಟರೆ ಬೆಕ್ಕಿಗೆ ಹೇಸಿಗೆ. ಟ್ರೇ ಅಂಚು ಗಿಡ್ಡ ಇರಲಿ. ಮರಳು ಹಿಂದೆ ಬಳಸುತ್ತಿದ್ದದ್ದೇ ಇರಲಿ, ಹೊಸ ಬ್ರ್ಯಾಂಡ್ ತರುವ ಸಮಯ ಇದಲ್ಲ. ಮೊದಲ ಸಲ ಹಳೇ ಮರಳು ಒಂದು ಹಿಡಿ ಹೊಸದರ ಮೇಲೆ ಹಾಕಿ, ವಾಸನೆ ಹಿಡಿದು ಬರುತ್ತಾಳೆ.

ಟ್ರೇ ಮುಂದೆ ಒರಟು ಕಾಲೊರಸು, ಊಟದ ತಟ್ಟೆ ಕೆಳಗೆ ಚಾಪೆ ಹಾಕಿ. ಪಾದಕ್ಕೆ ಒರಟು ತಾಗಿದರೆ ಟ್ರೇ, ಚಾಪೆ ತಾಗಿದರೆ ಊಟ. ಗೌರಿ ಇದನ್ನು ಹಿಡಿದುಕೊಂಡದ್ದು ನೋಡಿ ನನಗೇ ಆಶ್ಚರ್ಯ ಆಗಿತ್ತು.

ಎತ್ತಿಕೊಂಡು ಹೋಗಿ ಎಲ್ಲೋ ಬಿಡಬೇಡಿ. ಎತ್ತಿದರೆ, ಇಳಿಸುವುದು ಯಾವಾಗಲೂ ಒಂದೇ ಜಾಗದಲ್ಲಿ, ಊಟದ ಚಾಪೆಯ ಮೇಲೆ. ಅಲ್ಲಿಂದ ಅವಳಿಗೆ ಎಲ್ಲ ದಿಕ್ಕೂ ಗೊತ್ತು. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ಮನೆಯವರೆಲ್ಲ ಇದನ್ನು ಪಾಲಿಸಬೇಕು, ಬರುವ ನೆಂಟರೂ.

ನೆಲ ಒರೆಸುವುದರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಫಿನಾಯಿಲ್ ಹಾಕಬೇಡಿ. ಅದರಲ್ಲಿರುವ ಫೀನಾಲ್ ಬೆಕ್ಕಿಗೆ ವಿಷ. ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಳ್ಳುತ್ತದೆ. ಅದರ ಜೊತೆಗೆ, ಕಣ್ಣಿಲ್ಲದ ಬೆಕ್ಕು ನಂಬಿಕೊಂಡಿರುವ ವಾಸನೆಯ ದಾರಿಯನ್ನೆಲ್ಲ ಅದು ಅಳಿಸಿಬಿಡುತ್ತದೆ. ಬಿಸಿನೀರು ಸಾಕು. ಮಂಚದ ಮೂಲೆಯ ಉಚ್ಚೆಯನ್ನು ಮಾತ್ರ ಎಂಜೈಮ್ ಇರುವ ಕ್ಲೀನರ್‌ನಿಂದ ಚೆನ್ನಾಗಿ ತೆಗೆಯಿರಿ, ಇಲ್ಲದಿದ್ದರೆ ಅದೇ ಅವಳ ಟ್ರೇ ಆಗಿಬಿಡುತ್ತದೆ.

ದೇವರ ಮುಂದಿನ ದೀಪ ನೆಲದ ಮಟ್ಟದಲ್ಲಿದ್ದರೆ ಎತ್ತರಕ್ಕೆ ಇಡಿ. ಸಂಪಿನ ಮುಚ್ಚಳ, ಬಾವಿ, ಮಹಡಿ ಮೆಟ್ಟಿಲು, ಬಾಲ್ಕನಿ ಇವನ್ನೆಲ್ಲ ಇವತ್ತೇ ಒಂದು ಸುತ್ತು ನೋಡಿ ಮುಚ್ಚಿ.

ಮಲೆನಾಡ ವೆಟ್

ನಾನು ಸಣ್ಣ ಪ್ರಾಣಿಗಳ ಡಾಕ್ಟರ್. ಪುಟ್ಟಿಯನ್ನು ನೋಡದೆ ಅವಳ ಡೋಸ್ ಬಗ್ಗೆ ಏನೂ ಹೇಳುವುದಿಲ್ಲ, ಅದು ನಿಮ್ಮ ಡಾಕ್ಟರ ಕೆಲಸ. ಆದರೆ ಏನಾಗಿದೆ ಅಂತ ಅರ್ಥವಾದರೆ ನೋಡಿಕೊಳ್ಳುವುದು ಸುಲಭ.

ಬಿಪಿ ಜಾಸ್ತಿ ಆದಾಗ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳಿಂದ ನೀರು ಸೋರುತ್ತದೆ. ಆ ನೀರು ರೆಟಿನಾ ಹಿಂದೆ ನಿಂತು ಅದನ್ನು ಗೋಡೆಯಿಂದ ಬಿಡಿಸುತ್ತದೆ, ಮಳೆಗಾಲದಲ್ಲಿ ಸುಣ್ಣ ಉಬ್ಬಿ ಏಳುವ ಹಾಗೆ. ಬೇಗ ಬಿಪಿ ಇಳಿದರೆ ನೀರು ಇಂಗಿ ರೆಟಿನಾ ಮತ್ತೆ ಅಂಟಿಕೊಳ್ಳಬಹುದು. ಆದರೆ ಅಂಟಿಕೊಂಡರೂ ನೋಟ ಪೂರ್ತಿ ಬರುತ್ತದೆ ಅಂತಲ್ಲ. ಕೆಲವಕ್ಕೆ ಬೆಳಕು, ನೆರಳು, ಅಲುಗಾಟ ತಿಳಿಯುವಷ್ಟು ಬರುತ್ತದೆ. ಹಲವಕ್ಕೆ ಬರುವುದೇ ಇಲ್ಲ. ಮುಂದಿನ ಕೆಲವು ವಾರಗಳಲ್ಲಿ ಗೊತ್ತಾಗುತ್ತದೆ.

ಕಣ್ಣು ಬಂದರೂ ಬಾರದಿದ್ದರೂ ಮಾತ್ರೆ ನಿಲ್ಲಿಸುವಂತಿಲ್ಲ. ಇದನ್ನು ದಯವಿಟ್ಟು ಗಟ್ಟಿ ಹಿಡಿದುಕೊಳ್ಳಿ. ಅಮ್ಲೋಡಿಪಿನ್ ಬರೀ ಕಣ್ಣಿಗೆ ಕೊಡುತ್ತಿರುವುದಲ್ಲ. ಅದೇ ಬಿಪಿ ಮೆದುಳು, ಹೃದಯ, ಕಿಡ್ನಿ ಮೂರನ್ನೂ ಹಾಳು ಮಾಡುತ್ತದೆ. "ಕಣ್ಣು ಹೋಯಿತಲ್ಲ, ಇನ್ನೇಕೆ ಮಾತ್ರೆ" ಅಂತ ನಿಲ್ಲಿಸಿದ ಮೇಲೆ ಬೆಕ್ಕಿಗೆ ಫಿಟ್ಸ್ ಬಂದು ಓಡಿ ಬಂದವರನ್ನು ನೋಡಿದ್ದೇನೆ.

ಮಾತ್ರೆ ಕೊಳ್ಳುವಾಗ ಎಚ್ಚರ. ನಮ್ಮಲ್ಲಿ ಬೆಕ್ಕಿಗೆ ಕೊಡುವುದು ಮನುಷ್ಯರ ಮಾತ್ರೆಯನ್ನೇ. 2.5 ಮತ್ತು 5 ಮಿಲಿಗ್ರಾಂ ಎರಡೂ ಸಿಗುತ್ತವೆ. ಅಂಗಡಿಯವರು ಒಂದಿಲ್ಲ ಅಂತ ಇನ್ನೊಂದು ಕೊಟ್ಟರೆ ಡೋಸ್ ದುಪ್ಪಟ್ಟು ಅಥವಾ ಅರ್ಧ. ಅಟೆನಾಲಾಲ್, ಟೆಲ್ಮಿಸಾರ್ಟನ್‌ನಂಥ ಬೇರೆ ಬಿಪಿ ಔಷಧ ಸೇರಿಸಿದ ಜೋಡಿ ಮಾತ್ರೆಗಳು ಬಹಳ ಇವೆ, ಅವು ಬೇಡ. ಎಸ್-ಅಮ್ಲೋಡಿಪಿನ್ ಅಂತ ಇನ್ನೊಂದಿದೆ, ಅದರ ಶಕ್ತಿ ಹೆಚ್ಚು, ಅದೂ ಬೇಡ. ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಬರೀ ಅಮ್ಲೋಡಿಪಿನ್ ಅಂತಲೇ ಇದೆಯಾ ಓದಿ. ಕತ್ತರಿಸಲು ಮಾತ್ರೆ ಕಟರ್ ತನ್ನಿ, ಚಾಕುವಿನಲ್ಲಿ ನಾಲ್ಕು ತುಂಡು ಸಮ ಬರುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ.

ಬಿಪಿ ಮತ್ತೆ ನೋಡಿಸುವುದು ಯಾವಾಗ ಅಂತ ಕೇಳಿಕೊಂಡಿದ್ದೀರಾ? ಕಣ್ಣಿಗೆ ಪೆಟ್ಟಾಗಿರುವ ಬೆಕ್ಕಿಗೆ ಕೆಲವೇ ದಿನದಲ್ಲಿ, ಉಳಿದವಕ್ಕೆ ವಾರ ಹತ್ತು ದಿನದೊಳಗೆ ನೋಡಬೇಕು. ಮೊದಲ ಗುರಿ 160ಕ್ಕಿಂತ ಕೆಳಗೆ. 140ಕ್ಕಿಂತ ಕೆಳಗೆ ಬಂದರೆ ಇನ್ನೂ ಒಳ್ಳೆಯದು. 180 ದಾಟಿದರೆ ಅಪಾಯದ ಲೆಕ್ಕ. ಅಳೆಯುವ ಮೊದಲು ಬೆಕ್ಕನ್ನು ಶಾಂತ ಕೋಣೆಯಲ್ಲಿ 5ರಿಂದ 10 ನಿಮಿಷ ಸುಮ್ಮನೆ ಬಿಡಬೇಕು. ಮೊದಲ ಅಳತೆ ಬಿಟ್ಟು, ನಂತರದ ಐದಾರು ಅಳತೆಯ ಸರಾಸರಿ ತೆಗೆದುಕೊಳ್ಳಬೇಕು. ಗಾಬರಿಯಲ್ಲಿ ಬಿಪಿ ಸುಳ್ಳೇ ಏರುತ್ತದೆ. ನಾಯಿ ಬೊಗಳುವ ಹಾಲ್‌ನಲ್ಲಿ ಅಳೆದ ನಂಬರ್ ನಂಬಲು ಆಗುವುದಿಲ್ಲ.

ರಾತ್ರಿ ಕೂಗು: ಬಿಪಿಯಿಂದಲೂ ಆಗಬಹುದು, ಕಣ್ಣು ಕಾಣದೆ ದಿಕ್ಕು ತಪ್ಪಿಯೂ ಆಗಬಹುದು. ಈ ವಯಸ್ಸಿಗೆ ಥೈರಾಯ್ಡ್ ಕೂಡ ಒಂದು ಕಾರಣ. ಟಿ4 (ಥೈರಾಯ್ಡ್ ಹಾರ್ಮೋನು) ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ, ಥೈರಾಯ್ಡ್ ಏರಿದರೂ ಬಿಪಿ ಏರುತ್ತದೆ.

ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಬೆಕ್ಕಿಗೆ ಉಪವಾಸ ಆಗುವುದಿಲ್ಲ, ಲಿವರ್‌ಗೆ ಕೊಬ್ಬು ತುಂಬುತ್ತದೆ. ಹಸಿವಿಗೆ ಮಿರ್ಟಾಜಪಿನ್ ಅಂತ ಔಷಧ ಇದೆ, ಕಿಡ್ನಿ ಬೆಕ್ಕುಗಳಿಗೂ ಅಳತೆ ನೋಡಿ ಕೊಡುತ್ತೇವೆ. ನಿಮ್ಮ ಡಾಕ್ಟರನ್ನು ಕೇಳಿ.

ಕುಂದಾಪ್ರದ ಮೀನು

ನಮ್ಮಲ್ಲಿ ಕಣ್ಣು ಕೆಂಪಾದರೆ ಹರಳೆಣ್ಣೆ ಒಂದು ಹನಿ ಬಿಡುತ್ತಾರೆ. ತಾಯಿ ಹಾಲು ಬಿಡುವವರೂ ಇದ್ದಾರೆ. ಅದರಿಂದ ತಂಪಾಗಬಹುದಾ? ಇನ್ನೊಂದು, ಊಟ ಸೇರದಿದ್ದರೆ ಬೂತಾಯಿ ಮೀನು ಬೇಯಿಸಿ ಕೊಡಿ. ನಮ್ಮ ಬೆಕ್ಕುಗಳು ಜ್ವರ ಬಂದಾಗಲೂ ಅದನ್ನು ಬಿಡುವುದಿಲ್ಲ.

ಮಲೆನಾಡ ವೆಟ್

ಕಣ್ಣಿಗೆ ಎಣ್ಣೆ, ಹಾಲು, ತುಪ್ಪ ಯಾವುದೂ ಬೇಡ. ತೊಂದರೆ ಇರುವುದು ಕಣ್ಣಿನ ಹಿಂಭಾಗದಲ್ಲಿ, ಹನಿ ಅಲ್ಲಿಗೆ ಮುಟ್ಟುವುದೂ ಇಲ್ಲ. ಮೇಲಿಂದ ಸೋಂಕು ಬಂದರೆ ಇನ್ನೊಂದು ಕಷ್ಟ. ನೋವು ಅಂತ ಪ್ಯಾರಾಸಿಟಮಾಲ್ ಕೊಡುವ ಯೋಚನೆ ಯಾರಿಗೂ ಬರದಿರಲಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ.

ಮೀನಿನ ವಿಷಯ ಒಳ್ಳೆಯದನ್ನೇ ಹೇಳಿದಿರಿ. ಊಟ ಬಿಟ್ಟ ಬೆಕ್ಕಿಗೆ ವಾಸನೆ ಬೇಕು. ಬೂತಾಯಿ ಬೇಯಿಸಿದ ನೀರನ್ನು ಅವಳ ಊಟಕ್ಕೆ ಎರಡು ಚಮಚ ಸುರಿಯಿರಿ. ಆದರೆ ಮುಳ್ಳು ಸಮೇತ ಮೀನನ್ನೇ ದಿನವೂ ಕೊಟ್ಟರೆ ಫಾಸ್ಫರಸ್ ಜಾಸ್ತಿ ಹೋಗುತ್ತದೆ, ಕಿಡ್ನಿಗೆ ಅದು ಹೊರೆ. ಉಪ್ಪು ಹಾಕಿದ ಒಣಮೀನು ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಕೂಡ ಬೇಡ, ರಕ್ತದ ಕೆಂಪು ಕಣ ಒಡೆಯುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಒಳ್ಳೆಯದು. ಪ್ರೋಟೀನ್ ಇದೆ, ಫಾಸ್ಫರಸ್ ಕಡಿಮೆ. ಕಿಡ್ನಿ ಬೆಕ್ಕುಗಳಿಗೆಂದೇ ಮಾಡಿದ ಆಹಾರ ಸಿಗುತ್ತದೆ, ಒಣದಕ್ಕಿಂತ ಒದ್ದೆ ಆಹಾರವಾದರೆ ನೀರೂ ಹೊಟ್ಟೆಗೆ ಹೋಗುತ್ತದೆ. ಆದರೆ ಈ ವಾರ ಆಹಾರ ಬದಲಿಸುವ ಹಟ ಬೇಡ. ಮೊದಲು ಅವಳು ತಿನ್ನಲಿ. ಏನು ಇಷ್ಟವೋ ಅದನ್ನು ತಿನ್ನಲಿ. ಚೇತರಿಸಿಕೊಂಡ ಮೇಲೆ ನಿಧಾನವಾಗಿ ಬೆರೆಸುತ್ತಾ ಬದಲಿಸಬಹುದು.

ಕುಕ್ಕರಹಳ್ಳಿ, ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ. ಪಟ್ಟಿ ಓದಿ ನೋಡಿದೆ, ಬರೀ ಅಮ್ಲೋಡಿಪಿನ್ ಅಂತಲೇ ಇದೆ. ಟ್ರೇ ಕೋಣೆಗೆ ತಂದೆ, ಹಳೇ ಮರಳು ಮೇಲೆ ಹಾಕಿದೆ. ರಾತ್ರಿ ಎದ್ದು ಅದರಲ್ಲೇ ಹೋಗಿದ್ದಾಳೆ! ಬೆಳಿಗ್ಗೆ ಗಟ್ಟಿಯಾದ ಮರಳಿನ ಉಂಡೆ ನೋಡಿ ಇಷ್ಟು ಸಂತೋಷ ಆಗುತ್ತದೆ ಅಂತ ಗೊತ್ತಿರಲಿಲ್ಲ. ಮೀನಿನ ನೀರು ಹಾಕಿದ ಊಟವನ್ನು ತಾನೇ ಚಾಪೆಗೆ ಬಂದು ತಿಂದಳು.

ಕರಿಯನದೇ ಚಿಂತೆ. ಬಾಗಿಲ ಸಂದಿಯಲ್ಲಿ ಮೂಗಿಟ್ಟು ಗುರ್ ಅನ್ನುತ್ತಾನೆ.

ಸಾಧನಕೇರಿ

ಆಸ್ಪತ್ರೆ ವಾಸನೆ ಅದು. ಸ್ಪಿರಿಟ್, ಔಷಧಿ, ಬೇರೆ ನಾಯಿ ಬೆಕ್ಕುಗಳ ವಾಸನೆ ಎಲ್ಲಾ ಅವಳ ಮೈಗೆ ಹತ್ತಿರುತ್ತದೆ. ಕರಿಯನಿಗೆ ಇವಳು ಪುಟ್ಟಿ ಅಲ್ಲ, ಯಾರೋ ಪರಕೀಯಳು. ಒಂದು ಮೆತ್ತನೆ ಬಟ್ಟೆಯಿಂದ ಕರಿಯನ ಕೆನ್ನೆ ಒರೆಸಿ, ಅದನ್ನು ಪುಟ್ಟಿಯ ಹಾಸಿಗೆಯಲ್ಲಿ ಇಡಿ. ಪುಟ್ಟಿಯ ಬಟ್ಟೆ ಕರಿಯನ ಜಾಗದಲ್ಲಿ ಇಡಿ. ದಿನವೂ ಬದಲಿಸಿ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಇಬ್ಬರಿಗೂ ರುಚಿಯಾದದ್ದು ಕೊಡಿ. ಗುರ್ ನಿಂತ ಮೇಲೆ ಬಾಗಿಲು ಸ್ವಲ್ಪ ತೆಗೆಯಿರಿ. ಕರಿಯನ ಕೊರಳಿಗೆ ಸಣ್ಣ ಗಂಟೆ ಕಟ್ಟಿ, ಸಿಕ್ಕಿಬಿದ್ದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿ ಇರಲಿ. ಅವನು ಎಲ್ಲಿದ್ದಾನೆ ಅಂತ ಅವಳಿಗೆ ತಿಳಿಯಬೇಕು. ಕುರುಡು ಬೆಕ್ಕು ಎದುರಿನವನ ಬಾಲ, ಕಿವಿ ನೋಡಿ ಪಕ್ಕಕ್ಕೆ ಸರಿಯಲಾರದು, ಜಗಳ ಅಲ್ಲಿಂದಲೇ ಶುರು ಆಗುತ್ತದೆ.

ಆದರೆ ಒಂದೇ ಕೋಣೆಯಲ್ಲಿ ಬಹಳ ದಿನ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಬೆಕ್ಕಿಗೆ ಅಪಘಾತದಲ್ಲಿ ಕಣ್ಣು ಹೋದಾಗ ಒಂದೇ ಕೋಣೆಯಲ್ಲಿ ಇಟ್ಟಿದ್ದೆವು. ಮಂಕಾಗಿ ಕೂತುಬಿಟ್ಟಿತ್ತು, ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿತ್ತು. ಮನೆಯೆಲ್ಲಾ ಬಿಟ್ಟ ಮೇಲೆ ಅದಕ್ಕೆ ಗೆಲುವು ಬಂತು. ಅಡುಗೆಮನೆ ಸದ್ದು, ಜನರ ಮಾತು ಅದಕ್ಕೂ ಬೇಕು.

ಬಸವನಗುಡಿ ಅಜ್ಜಿ

ಸಾಧನಕೇರಿಯವರೇ, ನಿಮ್ಮ ಮಾತು ಸರಿ. ಆದರೆ ನಿಮ್ಮ ಬೆಕ್ಕಿಗೆ ಆಗ ಎಷ್ಟು ವಯಸ್ಸು? ಚಿಕ್ಕ ಬೆಕ್ಕು ಬೇಗ ಬೇಸರಪಡುತ್ತದೆ. 13 ವರ್ಷದ, ಕಿಡ್ನಿ ಸೋತಿರುವ, ಬಿಪಿ ಇನ್ನೂ ಹತೋಟಿಗೆ ಬರದ ಬೆಕ್ಕಿಗೆ ಮೊದಲು ನೆಮ್ಮದಿ ಮುಖ್ಯ. ಬಾಗಿಲು ತೆರೆಯುವುದನ್ನು ಅವಳೇ ಹೇಳುತ್ತಾಳೆ. ಕೋಣೆಯಲ್ಲಿ ಬಾಲ ಎತ್ತಿ ಓಡಾಡಲು ಶುರು ಮಾಡಿದರೆ, ಬಾಗಿಲ ಹತ್ತಿರ ಬಂದು ಕೂತರೆ, ಆಗ ಪಕ್ಕದ ಕೋಣೆ. ಕರಿಯ ಬೇರೆ ಕಡೆ ಇರುವಾಗ, ನೀವು ಜೊತೆಯಲ್ಲಿ ಇರುವಾಗ. ಹೊಸ್ತಿಲ ಮೇಲೆ ಬೆರಳಿಂದ ಟಕ್ ಟಕ್ ಅನ್ನಿಸಿ ಕರೆಯಿರಿ. ಒಂದೆರಡು ಸಲ ಮುಂಗಾಲಿಟ್ಟು ತಡವರಿಸುತ್ತಾಳೆ, ಆಮೇಲೆ ಎತ್ತರ ಗೊತ್ತಾಗಿಬಿಡುತ್ತದೆ.

ಸಾಧನಕೇರಿ

ಅದಕ್ಕೆ ಆಗ ಎರಡು ವರ್ಷ. ಹೌದು, ವಯಸ್ಸು ಬೇರೆ, ಕಾಯಿಲೆಯೂ ಬೇರೆ. ಆದರೂ ಕೋಣೆಯಲ್ಲಿ ಒಂಟಿಯಾಗಿ ಬಿಡಬೇಡಿ. ಯಾರಾದರೂ ಅಲ್ಲೇ ಕೂತು ಪೇಪರ್ ಓದಲಿ, ಫೋನಿನಲ್ಲಿ ಮಾತಾಡಲಿ.

ಹೊಸ ಸದಸ್ಯ

ತಪ್ಪು ತಿಳಿಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲೂ ಇಂಥದ್ದೇ ಆಗಿದೆ. ಹಿರಿಯರು "ವಯಸ್ಸಾಗಿದೆ, ಕಣ್ಣೂ ಇಲ್ಲ, ಸುಮ್ನೆ ಯಾಕೆ ನರಳಿಸುವುದು, ಇಂಜೆಕ್ಷನ್ ಕೊಡಿಸಿಬಿಡಿ" ಅನ್ನುತ್ತಿದ್ದಾರೆ. ನಾನು ಸ್ವಾರ್ಥಕ್ಕೆ ಉಳಿಸಿಕೊಳ್ಳುತ್ತಿದ್ದೇನಾ?

ಮಲೆನಾಡ ವೆಟ್

ಇದು ಕೇಳಲೇಬೇಕಾದ ಪ್ರಶ್ನೆ. ಕಣ್ಣು ಹೋಗಿದೆ ಅನ್ನುವುದಷ್ಟೇ ದಯಾಮರಣಕ್ಕೆ ಕಾರಣ ಆಗುವುದಿಲ್ಲ. ಬಿಪಿಯಿಂದ ರೆಟಿನಾ ಕಳಚುವುದು ಸಾಮಾನ್ಯವಾಗಿ ನೋಯುವುದಿಲ್ಲ. ಕಣ್ಣಿನೊಳಗೆ ರಕ್ತ ಜಾಸ್ತಿ ಆಗಿ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವುದು) ಬಂದರೆ ನೋಯುತ್ತದೆ, ಅದಕ್ಕೆ ಕಣ್ಣಿನ ಒತ್ತಡ ನೋಡಿಸಬೇಕು. ಕಣ್ಣು ಮುಚ್ಚಿಕೊಂಡೇ ಇದ್ದರೆ, ನೀರು ಸುರಿದರೆ, ಗುಡ್ಡೆ ಉಬ್ಬಿದರೆ ತಡಮಾಡಬೇಡಿ.

ನೀವು ನೋಡಬೇಕಾದದ್ದು ನಾಲ್ಕೈದು ವಿಷಯ. ತಾನಾಗಿ ತಿನ್ನುತ್ತದಾ? ಮೈ ನೆಕ್ಕಿಕೊಳ್ಳುತ್ತದಾ? ಟ್ರೇ ಬಳಸುತ್ತದಾ? ನಿಮ್ಮ ದನಿಗೆ ಕಿವಿ ತಿರುಗಿಸುತ್ತದಾ? ತೂಕ ನಿಂತಿದೆಯಾ? ಇವು ಚೆನ್ನಾಗಿದ್ದರೆ ಅದಕ್ಕೆ ಬದುಕು ಬೇಕಾಗಿದೆ ಅಂತಲೇ ಅರ್ಥ. ಇವು ಒಂದೊಂದಾಗಿ ಕಳಚುತ್ತಾ ಹೋಗಿ, ಕಿಡ್ನಿ ಕೊನೆಯ ಹಂತಕ್ಕೆ ಬಂದು, ಔಷಧಕ್ಕೂ ಏಳದೆ ಹೋದಾಗ ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡಿ. ಆಗ ಆ ನಿರ್ಧಾರ ಕೂಡ ಪ್ರೀತಿಯದೇ. ಆದರೆ ಕಣ್ಣು ಹೋದ ವಾರದಲ್ಲೇ ನಿರ್ಧಾರ ಮಾಡಬೇಡಿ. ಆ ವಾರ ಬೆಕ್ಕೂ ಗಾಬರಿಯಲ್ಲಿರುತ್ತದೆ, ಮನೆಯವರೂ ಗಾಬರಿಯಲ್ಲಿರುತ್ತಾರೆ.

ಬಸವನಗುಡಿ ಅಜ್ಜಿ

ಸ್ವಾರ್ಥ ಅಲ್ಲ ಮಗು. ನಮ್ಮ ಗೌರಿ ಈಗ ಕಿಟಕಿ ಕಟ್ಟೆಗೆ ತಾನೇ ಹತ್ತುತ್ತಾಳೆ. ಮೊದಲು ಸ್ಟೂಲ್, ಆಮೇಲೆ ಕುರ್ಚಿ, ಆಮೇಲೆ ಕಟ್ಟೆ. ಸ್ಟೂಲ್ ಒಂದು ಗೇಣು ಸರಿದಿದ್ದರೂ ಕೆಳಗೇ ನಿಂತು ಕರೆಯುತ್ತಾಳೆ, ಸರಿ ಮಾಡಿಕೊಡಿ ಅಂತ. ಬಿಸಿಲಿಗೆ ಮುಖ ಕೊಟ್ಟು ಮಲಗುತ್ತಾಳೆ. ನರಳುವ ಪ್ರಾಣಿ ಹಾಗೆ ಮಲಗುವುದಿಲ್ಲ.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಬೆಕ್ಕಿಗೆಂದೇ ಅಗಿಯುವ ಅಮ್ಲೋಡಿಪಿನ್ ಮಾತ್ರೆ ಬರುತ್ತದೆ, 1.25 ಮಿಲಿಗ್ರಾಂನದು. ಟೆಲ್ಮಿಸಾರ್ಟನ್ ದ್ರವ ರೂಪದಲ್ಲೂ ಇದೆ, ಸಿರಿಂಜಿನಲ್ಲಿ ಬಾಯಿಗೆ ಹಾಕುವುದು. ಅಲ್ಲಿ ಸಿಗದಿದ್ದರೆ ಚಿಂತೆ ಬೇಡ. ನಿಮ್ಮ ಕಾಲು ಮಾತ್ರೆಯಲ್ಲಿ ಇರುವುದೂ ಅಷ್ಟೇ 1.25.

ನಮಗೆ ಇಲ್ಲಿ ಹೇಳಿದ್ದು: ಬೆಕ್ಕಿಗೆ 7 ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಿಪಿ, 11 ದಾಟಿದ ಮೇಲೆ ಆರು ತಿಂಗಳಿಂದ ವರ್ಷದೊಳಗೆ ಒಮ್ಮೆ. ಐಎಸ್ಎಫ್ಎಂ ಅನ್ನುವ ಬೆಕ್ಕುಗಳ ವೈದ್ಯಕೀಯ ಸಂಘ 2017ರಲ್ಲಿ ಕೊಟ್ಟ ಸಲಹೆಯಲ್ಲಿ ಇದೆ. ಕಣ್ಣು ಹೋಗುವವರೆಗೂ ಬಿಪಿ ಹೊರಗೆ ಏನೂ ತೋರಿಸಿಕೊಳ್ಳದೆ ಇರಬಹುದು. ಕರಿಯನಿಗೆ ಮುಂದಿನ ವರ್ಷ 7 ಅಲ್ವಾ? ಅವನಿಗೂ ಮಾಡಿಸಿ.

ಮೊಸರನ್ನ

ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಹಾಲು, ಮೊಸರನ್ನ, ತುಪ್ಪದ ಅನ್ನ. ಇದರಿಂದಲೂ ಕಣ್ಣು ಹೋಗುತ್ತದೆ ಅಂತ ಯಾರೋ ಹೇಳಿದರು. ಹೌದಾ?

ಮಲೆನಾಡ ವೆಟ್

ಹೌದು. ಅದು ಬೇರೆ ಕಾರಣದಿಂದ. ಟಾರಿನ್ ಅನ್ನುವ ಪೋಷಕಾಂಶ ಬೆಕ್ಕಿನ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಮಾಂಸ ಮೀನಿನಿಂದ ಬರಬೇಕು. ಅನ್ನದಲ್ಲಿ ಅದು ಇಲ್ಲ. ಹಾಲು ಮೊಸರಿನಲ್ಲಿರುವುದು ಏನೇನೂ ಸಾಲದು. ಟಾರಿನ್ ಇಲ್ಲದೆ ರೆಟಿನಾ ನಿಧಾನವಾಗಿ ಸಾಯುತ್ತದೆ ಅಂತ 1975ರಲ್ಲೇ ವಿಜ್ಞಾನಿಗಳು ತೋರಿಸಿದರು. ಹೃದಯವೂ ಹಿಗ್ಗಿ ಸೋಲುತ್ತದೆ ಅಂತ 1987ರಲ್ಲಿ ಗೊತ್ತಾಯಿತು. ಆ ಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಹೆಚ್ಚು ಟಾರಿನ್ ಸೇರಿಸತೊಡಗಿದವು. ಹೃದಯ ಸರಿಹೋಗಬಹುದು, ಹೋದ ರೆಟಿನಾ ಬರುವುದಿಲ್ಲ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಬೆಕ್ಕಿಗೆಂದೇ ಮಾಡಿದ ಪೂರ್ಣ ಆಹಾರ ಕೊಡಿ. ಮೊಸರನ್ನದಿಂದ ಹೊಟ್ಟೆ ತುಂಬುತ್ತದೆ, ಬೆಕ್ಕು ಉಳಿಯುವುದಿಲ್ಲ.

ಕಣ್ಣು ಹಠಾತ್ ಹೋಗಲು ಇನ್ನೊಂದು ಕಾರಣ ಎನ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್. ಬೆಕ್ಕಿಗೆ ಅದು ಒಂದು ಕೆಜಿ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ದಾಟಬಾರದು. ನಾಯಿಗೆ ತಂದು ಉಳಿದ ಮಾತ್ರೆಯನ್ನು ಅದೇ ಅಳತೆಯಲ್ಲಿ ಬೆಕ್ಕಿಗೆ ಹಾಕಬೇಡಿ.

ಕುಕ್ಕರಹಳ್ಳಿ, ಮೈಸೂರು

ಬಿಪಿ ಮತ್ತೆ ನೋಡಿಸಿದೆವು. 152. ಟಿ4 ಸರಿಯಾಗಿದೆ. ಡಾಕ್ಟರು ಮುಂದಿನ ತಿಂಗಳು ಇನ್ನೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಬನ್ನಿ ಅಂದರು. ರಾತ್ರಿ ಕೂಗು ಬಹಳ ಕಡಿಮೆ ಆಗಿದೆ. ಕರಿಯ ಬಾಗಿಲ ಆಚೆ ಸುಮ್ಮನೆ ಕೂರುತ್ತಾನೆ.

ನನಗೆ ಒಂದು ಅನುಮಾನ. ಮುಖದ ಮುಂದೆ ಕೈ ಆಡಿಸಿದರೆ ಪುಟ್ಟಿ ಕಣ್ಣು ಮಿಟುಕಿಸುತ್ತಾಳೆ. ನೋಟ ಬರುತ್ತಿದೆಯಾ?

ಮಲೆನಾಡ ವೆಟ್

152 ಒಳ್ಳೆಯ ಸುದ್ದಿ. ಕೈ ಆಡಿಸುವುದು ಸರಿಯಾದ ಪರೀಕ್ಷೆ ಅಲ್ಲ. ಗಾಳಿ ಮೀಸೆಗೆ ತಾಗಿದರೂ ಬೆಕ್ಕು ಮಿಟುಕಿಸುತ್ತದೆ. ಹತ್ತಿಯ ಸಣ್ಣ ಉಂಡೆಯನ್ನು ಅವಳ ಮುಂದೆ ಸ್ವಲ್ಪ ದೂರದಲ್ಲಿ ಮೇಲಿಂದ ಬೀಳಿಸಿ. ಹತ್ತಿಗೆ ಸದ್ದಿಲ್ಲ, ಗಾಳಿ ಬೀಸುವುದಿಲ್ಲ. ತಲೆ ಅದರ ಹಿಂದೆ ತಿರುಗಿದರೆ ಏನೋ ಕಾಣುತ್ತಿದೆ ಅಂತ. ತಿರುಗದಿದ್ದರೂ ಬೇಸರ ಬೇಡ. ನೀವು ಬರೆದಿರುವುದನ್ನು ನೋಡಿದರೆ ಅವಳು ಈಗಾಗಲೇ ಚೇತರಿಸಿಕೊಳ್ಳುತ್ತಿದ್ದಾಳೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ನನಗೆ ನೋಟಕ್ಕಿಂತ ಆ ಪುಸ್ತಕ ಮುಖ್ಯ.

ಕುಕ್ಕರಹಳ್ಳಿ, ಮೈಸೂರು

ಹತ್ತಿ ಹಾಕಿ ನೋಡಿದೆ. ತಿರುಗಲಿಲ್ಲ. ಸ್ವಲ್ಪ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಮೊಟ್ಟೆ ಒಡೆದ ಸದ್ದಿಗೆ ಅವಳು ಎದ್ದು, ಹೊಸ್ತಿಲು ದಾಟಿ, ನೇರ ಒಲೆ ಕಟ್ಟೆ ಹತ್ತಿರ ಹೋಗಿ ನಿಂತಳು.

ಇನ್ನೊಂದು ಕೇಳಬೇಕಿತ್ತು. ಮುಂದಿನ ತಿಂಗಳು ಹಾಸನದಲ್ಲಿ ಮದುವೆ, ಹೋಗಲೇಬೇಕು. ಜೊತೆಗೆ ಕರೆದುಕೊಂಡು ಹೋಗುವುದಾ, ಬೋರ್ಡಿಂಗ್‌ನಲ್ಲಿ ಬಿಡುವುದಾ?

ಸಾಧನಕೇರಿ

ಎರಡೂ ಬೇಡ. ಹೊಸ ಜಾಗ ಅವಳಿಗೆ ಈಗ ಆಗದು. ಗೊತ್ತಿರುವವರು ಮನೆಗೇ ಬಂದು ಉಳಿಯಲಿ.

ಬಸವನಗುಡಿ ಅಜ್ಜಿ

ನನ್ನದೂ ಅದೇ ಮಾತು. ಈಗಿನಿಂದಲೇ ಅವರನ್ನು ಕರೆಸಿ, ಪುಟ್ಟಿಗೆ ಅವರ ದನಿ ಪರಿಚಯ ಆಗಲಿ. ನಿಮ್ಮ ಮುಂದೆ ಅವರೇ ಮಾತ್ರೆ ಹಾಕಿ ಅಭ್ಯಾಸ ಮಾಡಲಿ. ಪುಡಿ ಮಾಡಿ ನೆಕ್ಕುವ ತಿನಿಸಿನಲ್ಲಿ ಬೆರೆಸಿದರೆ ಸುಲಭ. ಬಾಯಿಗೇ ಹಾಕುವುದಾದರೆ ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕೊಡಬೇಕು, ಒಣ ಮಾತ್ರೆ ಗಂಟಲಲ್ಲಿ ನಿಲ್ಲುತ್ತದೆ. ಕಾಲು ತುಂಡುಗಳನ್ನು ನೀವೇ ಕತ್ತರಿಸಿ, ದಿನದ ಹೆಸರು ಬರೆದ ಡಬ್ಬಿಯಲ್ಲಿ ಹಾಕಿಡಿ. ಡಾಕ್ಟರ ನಂಬರ್ ಮತ್ತೆ ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿ. ನಿಮ್ಮ ಉಟ್ಟು ಬಿಟ್ಟ ಒಂದು ಸೀರೆ ಒಗೆಯದೆ ಅವಳ ಹಾಸಿಗೆಯಲ್ಲಿ ಇಟ್ಟು ಹೋಗಿ. ಬಂದವರಿಗೆ ಹೇಳಿ, ಕಸ ಗುಡಿಸುವಾಗ ಚಾಪೆ ಎತ್ತಿದರೆ ಅದೇ ಜಾಗಕ್ಕೆ ಹಾಕಬೇಕು ಅಂತ.